ಚೈನ್‌ಸಾ: ಮನೆ ಬಳಕೆಯದ್ದು ಸಾಕಾ, ವೃತ್ತಿಯವರದ್ದೇ ಬೇಕಾ? ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕೊಡಗಿನ ಕಡೆ ಈಗ ಚೈನ್‌ಸಾ ಇಲ್ಲದ ತೋಟ ಅಪರೂಪ. ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಸವರಲು, ಆಳು ಸಿಗುವುದಿಲ್ಲ. ಮಳೆಗಾಲದಲ್ಲಿ ದಾರಿಗೆ ಮರ ಬಿದ್ದರೆ ಯಾರಾದರೂ ಬರಲಿ ಎಂದು ಕಾಯಲೂ ಆಗುವುದಿಲ್ಲ. ಹಾಗಾಗಿ ಎಲ್ಲರೂ ಒಂದು ಮೆಷಿನ್ ತರುತ್ತಾರೆ. ಎರಡು ವರ್ಷ ಆಗುವಷ್ಟರಲ್ಲಿ ಅದು ಸ್ಟೋರ್ ರೂಮಿನ ಮೂಲೆ ಸೇರಿರುತ್ತದೆ. ಕೇಳಿದರೆ "ಮೆಷಿನ್ ಸರಿ ಇಲ್ಲ" ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಹತ್ತರಲ್ಲಿ ಎಂಟು ಸಲ ತಪ್ಪು ಮೆಷಿನ್‌ನದ್ದಲ್ಲ. ಮೊಂಡು ಚೈನ್, ಹಳೇ ಪೆಟ್ರೋಲ್, ಕಸ ಕಟ್ಟಿದ ಫಿಲ್ಟರ್, ಈ ಮೂರರಲ್ಲಿ ಒಂದರದ್ದು.

ಮನೆ ಬಳಕೆಯ ಚೈನ್‌ಸಾಗೂ ವೃತ್ತಿಯವರ ಚೈನ್‌ಸಾಗೂ ನಿಜವಾದ ವ್ಯತ್ಯಾಸ ಏನು?

ಎಲ್ಲರೂ ಪವರ್ ಅಂದುಕೊಳ್ಳುತ್ತಾರೆ. ಪವರ್ ಒಂದು ಭಾಗ ಮಾತ್ರ. ದೊಡ್ಡ ವ್ಯತ್ಯಾಸ ಇರುವುದು ಇಂಜಿನ್ ಕಟ್ಟಿರುವ ರೀತಿಯಲ್ಲಿ.

ವೃತ್ತಿಯವರ ಮೆಷಿನ್‌ನಲ್ಲಿ ಕ್ರ್ಯಾಂಕ್‌ಕೇಸ್ (ಇಂಜಿನ್‌ನ ಕೆಳಗಿನ ಗೂಡು) ಮೆಗ್ನೀಷಿಯಂ ಲೋಹದ್ದು. ಪಿಸ್ಟನ್‌ನಿಂದ ತಿರುಗುವ ಕ್ರ್ಯಾಂಕ್ ಶಾಫ್ಟ್ ಅದರೊಳಗೇ ಬೇರಿಂಗ್ ಮೇಲೆ ಕೂತಿರುತ್ತದೆ. ಸಿಲಿಂಡರ್ ಬೇರೆ ತುಂಡು, ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಪಿಸ್ಟನ್ ಸವೆದರೆ ಮೆಕ್ಯಾನಿಕ್ ಬೇಗ ಬದಲಿಸಿ ಕೊಡಬಹುದು.

ಮನೆ ಬಳಕೆಯದ್ದರಲ್ಲಿ ಹೊರ ಕವಚ ಪ್ಲಾಸ್ಟಿಕ್. ಇಂಜಿನ್ ಮೇಲೊಂದು ಕೆಳಗೊಂದು ಚಿಪ್ಪು ಸೇರಿಸಿದ ಹಾಗೆ ಎರಡು ಭಾಗವಾಗಿ ಇರುತ್ತದೆ, ನಡುವೆ ಕ್ರ್ಯಾಂಕ್. ಆ ಕೂಡಿಕೆಗೆ ಸೀಲೆಂಟ್ ಹಚ್ಚಿ ಮುಚ್ಚಿರುತ್ತಾರೆ. ಒಳಗಿನ ಯಾವ ಕೆಲಸಕ್ಕೂ ಇಡೀ ಇಂಜಿನ್ ಹೊರಗೆ ತೆಗೆಯಲೇಬೇಕು. ಕೂಲಿ ಜಾಸ್ತಿ ಆಗುತ್ತದೆ, ಮತ್ತೆ ಕೂರಿಸುವಾಗ ಸೀಲೆಂಟ್ ಸರಿಯಾಗಿ ಹಿಡಿಯದಿದ್ದರೆ ಗಾಳಿ ಎಳೆಯಲು ಶುರು ಮಾಡುತ್ತದೆ.

ಹಾಗಂತ ಅದು ಕಳಪೆ ಅಲ್ಲ. ವಾರಕ್ಕೊಮ್ಮೆ ಒಂದೆರಡು ಗಂಟೆ ಓಡಲಿ ಎಂದು ಮಾಡಿದ್ದು. ಅಷ್ಟೇ ಓಡಿಸಿದರೆ ಹತ್ತು ವರ್ಷ ಬಂದರೂ ಆಶ್ಚರ್ಯವಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನಾಟಾ ಕೊಯ್ಯಲು ಹಚ್ಚಿದರೆ ಒಂದೇ ಸೀಸನ್‌ನಲ್ಲಿ ಮುಗಿಯುತ್ತದೆ.

ನನ್ನದು ಐದು ಎಕರೆ ಕಾಫಿ, ಸ್ವಲ್ಪ ಅಡಿಕೆ. ಯಾವುದು ತಗೊಳ್ಳಲಿ?

ಮರಗಸಿಯ ಕೊಂಬೆ, ಸೌದೆ, ಬಿದ್ದ ಅಡಿಕೆ ಮರ, ಬೇಲಿ ಗೂಟ, ಇಷ್ಟೇ ಕೆಲಸವಾದರೆ 30ರಿಂದ 38 ಸಿಸಿ ಸಾಕು. ಸ್ಟಿಲ್ ಎಂಎಸ್ 170 (30.1 ಸಿಸಿ), ಎಂಎಸ್ 180 (31.8 ಸಿಸಿ), ಹಸ್ಕ್‌ವರ್ನಾ 120 (38 ಸಿಸಿ) ಈ ಸಾಲಿಗೆ ಬರುತ್ತವೆ. ನಾಲ್ಕೈದು ಕೆ.ಜಿ. ತೂಕ, ಹೆಗಲ ಮೇಲೆ ಹೊತ್ತು ತೋಟ ಸುತ್ತಬಹುದು.

ವರ್ಷಕ್ಕೆ ಹತ್ತಿಪ್ಪತ್ತು ಸಿಲ್ವರ್ ಓಕ್ ಇಳಿಸುವುದಿದ್ದರೆ 45ರಿಂದ 50 ಸಿಸಿಗೆ ಹೋಗಿ. ಎಂಎಸ್ 250 (45.4 ಸಿಸಿ) ನಮ್ಮ ಕಡೆ ತುಂಬಾ ಓಡುವ ಮೆಷಿನ್. ಅದರ ಇಂಜಿನ್ ಕಟ್ಟಿರುವುದು ಮನೆ ಬಳಕೆಯ ರೀತಿಯಲ್ಲೇ. ಆದರೂ ಹದವಾಗಿ ಬಳಸುವ ತೋಟಕ್ಕೆ ತಕ್ಕದ್ದು.

ಎಂಎಸ್ 382 (72.2 ಸಿಸಿ) ಅಥವಾ ಹಸ್ಕ್‌ವರ್ನಾ 365 ತರದ ದೊಡ್ಡ ಮೆಷಿನ್ ಬೇಕಾಗುವುದು ಮರ ಕೊಯ್ಯುವುದೇ ದಂಧೆ ಆದವರಿಗೆ. ಬಾರ್ (ಚೈನ್ ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿ), ಚೈನ್, ಪೆಟ್ರೋಲ್ ಎಲ್ಲ ಸೇರಿದರೆ ಎಂಟು ಕೆ.ಜಿ. ಹತ್ತಿರ ಬರುತ್ತದೆ. ವರ್ಷಕ್ಕೆ ಎರಡು ದೊಡ್ಡ ಮರ ಇಳಿಸಲು ಅದನ್ನು ಕೊಳ್ಳುವುದು ದುಡ್ಡು ದಂಡ. ಆ ಎರಡು ಮರಕ್ಕೆ ಮೆಷಿನ್ ಸಮೇತ ಕೆಲಸ ಬಲ್ಲವರನ್ನು ಕರೆಸಿ. ಹಣವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಉದ್ದ ಬಾರ್ ಹಾಕಿಸಿದರೆ ದೊಡ್ಡ ಮರ ಕೊಯ್ಯಬಹುದು, ಅಲ್ವಾ?

ಹಾಕಿಸಬಹುದು, ಕೊಯ್ಯಲು ಆಗುವುದಿಲ್ಲ. ಬಾರ್ ಉದ್ದವಾದಷ್ಟೂ ಒಂದೇ ಹೊತ್ತಿಗೆ ಮರ ಕಚ್ಚುವ ಹಲ್ಲು ಜಾಸ್ತಿ. ಎಳೆಯಲು ಇಂಜಿನ್‌ಗೆ ತ್ರಾಣ ಬೇಕು, ಚೈನ್ ತುದಿವರೆಗೆ ಆಯಿಲ್ ತಲುಪಬೇಕು. 30 ಸಿಸಿಗೆ 12–14 ಇಂಚು, 45 ಸಿಸಿಗೆ 16–18, 70 ಸಿಸಿಗೆ 20–25 ಇಂಚು ಸರಿಯಾದ ಜೋಡಿ. ನನ್ನ ಸಲಹೆ ಕೇಳಿದರೆ, ಕಂಪನಿ ಹೇಳಿದ್ದರಲ್ಲಿ ಚಿಕ್ಕದನ್ನೇ ಹಾಕಿ. ಹಗುರ, ಹಿಡಿತ ಚೆನ್ನಾಗಿರುತ್ತದೆ, ಚೈನ್ ಕೂಡ ಕಡಿಮೆ ಬೆಲೆಗೆ ಸಿಗುತ್ತದೆ.

ಆನ್‌ಲೈನ್‌ನಲ್ಲಿ 58 ಸಿಸಿ ಮೆಷಿನ್ ಐದಾರು ಸಾವಿರಕ್ಕೆ ಸಿಗುತ್ತದೆ. ತಗೊಳ್ಳಬಹುದಾ?

ಮೊದಲು ಆ 58 ಎಷ್ಟು ನಿಜ ನೋಡಿ. ಬೋರ್ (ಸಿಲಿಂಡರ್‌ನ ಒಳ ಅಗಲ) ಅಳತೆಯನ್ನು ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಆಮೇಲೆ ಸ್ಟ್ರೋಕ್‌ನಿಂದ (ಪಿಸ್ಟನ್ ಓಡುವ ದೂರ) ಗುಣಿಸಿ, ಮಿ.ಮೀ. ಲೆಕ್ಕವಾದರೆ ಸಾವಿರದಿಂದ ಭಾಗಿಸಿ. ಬೋರ್ 45 ಮಿ.ಮೀ., ಸ್ಟ್ರೋಕ್ 33 ಮಿ.ಮೀ. ಇದ್ದರೆ ಬರುವುದು ಸುಮಾರು 52 ಸಿಸಿ. ಸ್ಟಿಕ್ಕರ್ ಮೇಲೆ ಏನು ಬೇಕಾದರೂ ಬರೆಯಬಹುದು.

ಇಂಥ ಮೆಷಿನ್ ಓಡುವುದೇ ಇಲ್ಲ ಎಂದು ಹೇಳುವುದಿಲ್ಲ. ಕೆಲವು ಚೆನ್ನಾಗಿಯೇ ಓಡುತ್ತವೆ. ತೊಂದರೆ ಎರಡು. ಒಂದೇ ಹೆಸರಿನ ಎರಡು ಮೆಷಿನ್‌ನ ಒಳಗಿನ ಗುಣ ಒಂದೇ ಇರುವ ಭರವಸೆ ಇಲ್ಲ. ಇನ್ನೊಂದು, ಚೈನ್ ಬ್ರೇಕ್ ನಂಬುವ ಹಾಗಿದೆಯಾ ಎಂಬುದು. ಬಂದ ದಿನವೇ ಬ್ರೇಕ್ ಪರೀಕ್ಷೆ ಮಾಡಿ. ಮೆಷಿನ್ ನೆಲದ ಮೇಲಿಟ್ಟು ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಬ್ರೇಕ್ ಮುಂದಕ್ಕೆ ತಳ್ಳಿ. ಚೈನ್ ಆ ಕ್ಷಣವೇ ನಿಲ್ಲಬೇಕು. ನಿಲ್ಲದಿದ್ದರೆ ವಾಪಸ್ ಕಳಿಸಿ.

ಯಾವ ಬ್ರಾಂಡ್ ಆದರೂ ನಿಮ್ಮ ತಾಲೂಕಿನಲ್ಲಿ ಅದರ ಬಿಡಿಭಾಗ ಸಿಗುತ್ತದಾ, ರಿಪೇರಿ ಬಲ್ಲವರಿದ್ದಾರಾ ಎಂದು ಕೇಳಿಕೊಂಡೇ ದುಡ್ಡು ಕೊಡಿ. ಬ್ರಾಂಡ್‌ಗಿಂತ ಇದು ಮುಖ್ಯ.

ಸೆಕೆಂಡ್ ಹ್ಯಾಂಡ್ ವೃತ್ತಿಪರ ಮೆಷಿನ್ ಒಳ್ಳೆಯದಾ, ಹೊಸ ಮನೆ ಬಳಕೆಯದ್ದಾ?

ನೋಡಿ ಕೊಳ್ಳಲು ಬಂದರೆ ಸೆಕೆಂಡ್ ಹ್ಯಾಂಡ್ ಲಾಭ. ಇಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾರುವವನು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಯಾಕೆ ಎಂದು ಕೇಳಿ. ಸ್ವಿಚ್ ಆಫ್ ಮಾಡಿ, ಹಗ್ಗದ ಹಿಡಿ ಹಿಡಿದು ಮೆಷಿನ್ ಮೆಲ್ಲಗೆ ನೇತಾಡಲು ಬಿಡಿ. ಸರ್ರನೆ ಇಳಿದರೆ ಕಂಪ್ರೆಷನ್ ಹೋಗಿದೆ. ತಡೆದು ತಡೆದು ಇಳಿದರೆ ಪರವಾಗಿಲ್ಲ. ಡಿಕಂಪ್ರೆಷನ್ ಬಟನ್ (ಹಗ್ಗ ಹಗುರವಾಗಿ ಎಳೆಯಲು ಇರುವುದು) ಇದ್ದರೆ ಅದು ಒತ್ತಿರಬಾರದು.

ಆಮೇಲೆ ಸೈಲೆನ್ಸರ್ ಬಿಚ್ಚಿಸಿ. ಎರಡು ಮೂರು ಬೋಲ್ಟ್ ಅಷ್ಟೇ. ತೂತಿನಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ಮೈ ನುಣ್ಣಗಿರಬೇಕು. ಮೇಲಿಂದ ಕೆಳಗೆ ಗೀರು ಬಿದ್ದಿದ್ದರೆ ಬಿಟ್ಟು ಬನ್ನಿ. ಬಿಚ್ಚಲು ಒಪ್ಪದವನ ಹತ್ತಿರ ವ್ಯಾಪಾರವೇ ಬೇಡ.

ಪೆಟ್ರೋಲ್‌ಗೆ ಆಯಿಲ್ ಎಷ್ಟು ಬೆರೆಸಬೇಕು?

ಕಂಪನಿಯ ಒಳ್ಳೆ 2ಟಿ (ಟೂ ಸ್ಟ್ರೋಕ್) ಆಯಿಲ್ ಆದರೆ 50ಕ್ಕೆ 1. ಅಂದರೆ ಒಂದು ಲೀಟರ್‌ಗೆ 20 ಮಿ.ಲೀ., ಐದು ಲೀಟರ್‌ಗೆ 100 ಮಿ.ಲೀ. ಸಾಮಾನ್ಯ 2ಟಿ ಆಯಿಲ್ ಆದರೆ ಎಷ್ಟೋ ಕಂಪನಿಗಳು 25ಕ್ಕೆ 1, ಅಂದರೆ ಲೀಟರ್‌ಗೆ 40 ಮಿ.ಲೀ. ಹಾಕಲು ಹೇಳುತ್ತವೆ. ಬೈಕಿನ 4ಟಿ ಆಯಿಲ್ ಯಾವ ಕಾರಣಕ್ಕೂ ಬೇಡ. ಅಳತೆಗೆ ಮೆಡಿಕಲ್ ಶಾಪ್‌ನ ಸಿರಿಂಜ್ ಬಳಸಿ, ಮುಚ್ಚಳದಲ್ಲಿ ಅಂದಾಜು ಸುರಿಯಬೇಡಿ. ಬೇರೆ ಕ್ಯಾನ್‌ನಲ್ಲಿ ಬೆರೆಸಿ ಕುಲುಕಿ, ಆಮೇಲೆ ಟ್ಯಾಂಕ್‌ಗೆ ಹಾಕಿ. ಆಯಿಲ್ ಇಲ್ಲದ ಪೆಟ್ರೋಲ್ ಹಾಕಿದರೆ ಕೆಲವೇ ನಿಮಿಷದಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಮಿಕ್ಸ್ ಕ್ಯಾನ್ ಮೇಲೆ ಪೇಂಟ್‌ನಲ್ಲಿ ದೊಡ್ಡದಾಗಿ ಬರೆದಿಡಿ, ಆಳು ಬೈಕಿನ ಪೆಟ್ರೋಲ್ ಕ್ಯಾನ್ ಎತ್ತಿಕೊಂಡು ಹೋಗದಿರಲಿ.

ಇ20 ಪೆಟ್ರೋಲ್‌ನಿಂದ ಹಾಳಾಗುತ್ತದಾ?

ಹಾಳಾಗುವುದು ಹೆಚ್ಚಾಗಿ ಇಟ್ಟಲ್ಲೇ ಇಟ್ಟರೆ. ಈಗ ಬಂಕ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ 20% ಎಥೆನಾಲ್ ಇದೆ. ಎಷ್ಟೋ ಚೈನ್‌ಸಾಗಳ ಕೈಪಿಡಿಯಲ್ಲಿ 10%ಗಿಂತ ಜಾಸ್ತಿ ಬೇಡ ಎಂದಿರುತ್ತದೆ. ನಿಮ್ಮದರಲ್ಲಿ ಏನಿದೆ ನೋಡಿ, ಡೀಲರ್ ಹತ್ತಿರವೂ ಕೇಳಿ.

ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಆಗುಂಬೆ, ಮಡಿಕೇರಿಯ ಜುಲೈ ತಿಂಗಳಲ್ಲಿ ಅದಕ್ಕೆ ತೇವದ ಬರವಿಲ್ಲ. ನೀರು ಜಾಸ್ತಿಯಾದರೆ ಎಥೆನಾಲ್ ಮತ್ತು ನೀರು ಸೇರಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ. ಆಯಿಲ್ ಮೇಲಿನ ಪೆಟ್ರೋಲ್‌ನಲ್ಲಿ ಉಳಿಯುತ್ತದೆ, ಇಂಜಿನ್‌ಗೆ ಹೋಗುವುದು ತಳದ್ದು. ಜೊತೆಗೆ ಹಳೇ ಮೆಷಿನ್‌ಗಳಲ್ಲಿ ರಬ್ಬರ್ ಪೈಪ್ ಮೆತ್ತಗಾಗುತ್ತದೆ, ಕಾರ್ಬುರೇಟರ್ ಒಳಗಿನ ಡಯಾಫ್ರಮ್ (ತೆಳು ಪೊರೆ) ಗಟ್ಟಿಯಾಗುತ್ತದೆ.

ಉಪಾಯ ಸರಳ. ಒಂದೆರಡು ವಾರಕ್ಕೆ ಬೇಕಾದಷ್ಟೇ ಬೆರೆಸಿ. ತಿಂಗಳಾದ ಮಿಕ್ಸ್ ಮೆಷಿನ್‌ಗೆ ಹಾಕಬೇಡಿ. ಕೆಲಸ ಇಲ್ಲದ ದಿನಗಳಲ್ಲಿ ಟ್ಯಾಂಕ್ ಖಾಲಿ ಮಾಡಿ, ಅದಾಗೇ ನಿಲ್ಲುವವರೆಗೆ ಓಡಿಸಿ ಇಡಿ.

ಬಾರ್‌ಗೆ ಸುಟ್ಟ ಇಂಜಿನ್ ಆಯಿಲ್ ಹಾಕಿದರೆ ಏನಾಗುತ್ತದೆ? ಎಲ್ಲರೂ ಹಾಕುತ್ತಾರಲ್ಲ.

ಹಾಕುತ್ತಾರೆ, ಸುಮ್ನೆ ಬರುತ್ತದೆ ಎಂದು. ಆದರೆ ಅದರಲ್ಲಿ ಲೋಹದ ಪುಡಿ, ಮಸಿ ಇರುತ್ತದೆ. ಆಯಿಲ್ ಪಂಪ್ ಸವೆಯುತ್ತದೆ, ದಾರಿ ಕಟ್ಟಿಕೊಳ್ಳುತ್ತದೆ. ಇನ್ನೊಂದು ವಿಷಯ, ಈ ಆಯಿಲ್ ಮೆಷಿನ್‌ನಲ್ಲಿ ಉಳಿಯುವುದಿಲ್ಲ. ಹಾಕಿದ್ದೆಲ್ಲ ಚೈನ್‌ನಿಂದ ಚಿಮ್ಮಿ ತೋಟದ ಮಣ್ಣಿಗೆ, ನಿಮ್ಮ ಬಟ್ಟೆಗೆ, ಚರ್ಮಕ್ಕೆ ಬೀಳುತ್ತದೆ. ಬಾರ್ ಆಯಿಲ್ ದುಬಾರಿ ಅನ್ನಿಸಿದರೆ ಹೊಸ ಮಿನರಲ್ ಆಯಿಲ್ ಆದರೂ ಹಾಕಿ. ಇಷ್ಟು ಹೇಳಿದ ಮೇಲೂ ಹಾಕುವವರು ಹಾಕುತ್ತಾರೆ, ಗೊತ್ತು.

ಆಯಿಲ್ ಬರುತ್ತಿದೆಯಾ ಎಂದು ನೋಡಲು ಬಾರ್ ತುದಿಯನ್ನು ಒಣ ಹಲಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಆಕ್ಸಿಲರೇಟರ್ ಕೊಡಿ. ಹಲಗೆಯ ಮೇಲೆ ಎಣ್ಣೆ ಗೆರೆ ಮೂಡಬೇಕು.

ಚೈನ್ ಮೊಂಡಾಗಿದೆ ಎಂದು ಗೊತ್ತಾಗುವುದು ಹೇಗೆ? ಅರ ಹಾಕುವುದು ನಾವೇ ಕಲಿಯಬಹುದಾ?

ಕಲಿಯಲೇಬೇಕು. ಈ ಒಂದು ಕೆಲಸ ಬಂದರೆ ಅರ್ಧ ರಿಪೇರಿ ತಪ್ಪುತ್ತದೆ.

ಹರಿತ ಚೈನ್ ಚಕ್ಕೆ ಉದುರಿಸುತ್ತದೆ, ಮೊಂಡು ಚೈನ್ ಪುಡಿ ಉದುರಿಸುತ್ತದೆ. ಮೆಷಿನ್ ತನ್ನ ತೂಕಕ್ಕೇ ಮರದೊಳಗೆ ಇಳಿಯಬೇಕು. ನೀವು ಒತ್ತುತ್ತಿದ್ದೀರಿ, ಹೊಗೆ ಬರುತ್ತಿದೆ ಎಂದರೆ ನಿಲ್ಲಿಸಿ. ಒತ್ತಿ ಒತ್ತಿ ಕೊಯ್ದರೆ ಬಾರ್ ಸುಡುತ್ತದೆ, ಕ್ಲಚ್ ಸುಡುತ್ತದೆ, ಸಣ್ಣ ಇಂಜಿನ್ ಆದರೆ ಅದೂ ಸುಡುತ್ತದೆ.

ಗುಂಡು ಅರದ ದಪ್ಪ ಚೈನ್‌ನ ಪಿಚ್ (ಕೊಂಡಿಗಳ ಅಂತರದ ಅಳತೆ, ಇಂಚಿನಲ್ಲಿ) ಮೇಲೆ ನಿಂತಿದೆ. ಸಣ್ಣ ಮೆಷಿನ್‌ಗಳ 3/8 ಲೋ ಪ್ರೊಫೈಲ್ ಚೈನ್‌ಗೆ 4 ಮಿ.ಮೀ. ಅರ, .325ಕ್ಕೆ 4.8 ಮಿ.ಮೀ., ದೊಡ್ಡ 3/8ಕ್ಕೆ 5.2 ಅಥವಾ 5.5 ಮಿ.ಮೀ. ಬಾರ್ ಅನ್ನು ಅಲುಗಾಡದ ಹಾಗೆ ಬಿಗಿ ಹಿಡಿಸಿ. ಹಲ್ಲಿನ ಮೇಲೆ ಗೆರೆ ಹಾಕಿರುತ್ತಾರೆ, ಸಾಮಾನ್ಯವಾಗಿ 30 ಡಿಗ್ರಿ, ಅದೇ ಓರೆಯಲ್ಲಿ ಒಳಗಿನಿಂದ ಹೊರಕ್ಕೆ ತಳ್ಳಿ. ವಾಪಸ್ ತರುವಾಗ ಅರ ಎತ್ತಿಬಿಡಿ, ಉಜ್ಜಬೇಡಿ. ಪ್ರತಿ ಹಲ್ಲಿಗೂ ಅಷ್ಟೇ ಸಲ, ಅಷ್ಟೇ ಒತ್ತಡ. ಒಂದು ಬದಿ ಮುಗಿಸಿ ಇನ್ನೊಂದು ಬದಿಗೆ ಹೋಗಿ. ಒಂದು ಹಲ್ಲು ಕಲ್ಲಿಗೆ ತಾಗಿ ಸವೆದಿದ್ದರೆ ಉಳಿದ ಹಲ್ಲನ್ನೂ ಅದರ ಉದ್ದಕ್ಕೇ ತರಬೇಕು. ಇಲ್ಲದಿದ್ದರೆ ಕೊಯ್ತ ಒಂದು ಕಡೆಗೆ ವಾಲುತ್ತದೆ.

ಹಲ್ಲಿನ ಮುಂದೆ ಒಂದು ಗಿಡ್ಡ ಮೂಗು ಇರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕು ಎಂದು ತೀರ್ಮಾನಿಸುವುದು ಅದು. ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿನಲ್ಲಿರಬೇಕು. ನಾಲ್ಕೈದು ಸಲ ಅರ ಹಾಕಿದ ಮೇಲೆ ಗೇಜ್ ಇಟ್ಟು ಚಪ್ಪಟೆ ಅರದಿಂದ ಇಳಿಸಿ. "ಇನ್ನೂ ಜೋರಾಗಿ ಕೊಯ್ಯಲಿ" ಎಂದು ಜಾಸ್ತಿ ಇಳಿಸುವವರಿದ್ದಾರೆ. ಅದು ಮೆಷಿನ್ ಹಿಂದಕ್ಕೆ ಒದೆಯಲು ನೇರ ದಾರಿ.

ಇಂದಿನ ಬಾಗಿದ ಹಲ್ಲಿನ ಚೈನ್ ಹುಟ್ಟಿದ ಕತೆ ಮಜಾ ಇದೆ. ಅಮೆರಿಕದ ಓರೆಗಾನ್‌ನಲ್ಲಿ ಜೋ ಕಾಕ್ಸ್ ಎಂಬ ಮರ ಕಡಿಯುವವ 1946ರಲ್ಲಿ ಮರ ಕೊರೆಯುವ ಹುಳವನ್ನು ನೋಡುತ್ತಿದ್ದ. ಹುಳ ನಾರಿನ ಉದ್ದಕ್ಕೂ ಅಡ್ಡಕ್ಕೂ ಎಡ ಬಲ ಕಡಿಯುತ್ತಾ ಸಲೀಸಾಗಿ ಹೋಗುತ್ತಿತ್ತು. ಅದರ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಮಾರಲು ಶುರು ಮಾಡಿದ. ಇವತ್ತು ನಿಮ್ಮ ಮೆಷಿನ್‌ನಲ್ಲಿರುವುದು ಅದರದ್ದೇ ವಂಶ.

ತೆಂಗಿನ ಮರ ಕೊಯ್ದರೆ ಯಾಕೆ ಇಷ್ಟು ಬೇಗ ಮೊಂಡಾಗುತ್ತದೆ?

ತಾಳೆ ಜಾತಿಯ ಮರಗಳ ನಾರಿನಲ್ಲೇ ಸಿಲಿಕಾ ಇರುತ್ತದೆ, ಮರಳಿನಲ್ಲಿರುವ ಪದಾರ್ಥವೇ. ಬುಡದ ಮಣ್ಣು ಬೇರೆ. ಬುಡವನ್ನು ಕತ್ತಿಯಿಂದ ಕೆರೆದು ಶುರು ಮಾಡಿ, ಇನ್ನೊಂದು ಚೈನ್ ಜೇಬಿನಲ್ಲಿರಲಿ.

ಬಾರ್ ಮತ್ತು ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲು ಚಕ್ರ) ಎಷ್ಟು ದಿನಕ್ಕೆ ಬದಲಿಸಬೇಕು?

ದಿನದ ಲೆಕ್ಕ ಇಲ್ಲ, ಸವೆತ ನೋಡಬೇಕು. ಅರ ಹಾಕಿದಾಗಲೆಲ್ಲ ಬಾರ್ ತಿರುಗಿಸಿ ಹಾಕಿ, ಎರಡೂ ಅಂಚು ಸಮ ಸವೆಯುತ್ತದೆ. ಬಾರ್ ಅಂಚಿನ ಸೀಳಿನಲ್ಲಿನ ಹೊಟ್ಟು ತೆಗೆಯಿರಿ, ಆಯಿಲ್ ತೂತು ತಂತಿಯಿಂದ ಬಿಡಿಸಿ. ಸ್ಪ್ರಾಕೆಟ್ ಮೇಲೆ ಅರ್ಧ ಮಿ.ಮೀ. ಗುಂಡಿ ಬಿದ್ದರೆ ಬದಲಿಸಿ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಚೈನ್ ಬೇಗ ಹಾಳು. ಹೊಸ ಚೈನ್ ಕೊಳ್ಳುವಾಗ ಪಿಚ್, ಡ್ರೈವ್ ಲಿಂಕ್ (ಬಾರ್ ಸೀಳಿನಲ್ಲಿ ಕೂರುವ ಕೊಂಡಿ) ಎಣಿಕೆ, ಆ ಕೊಂಡಿಯ ದಪ್ಪ ಅಂದರೆ ಗೇಜ್, ಮೂರೂ ಹೇಳಿ. "16 ಇಂಚಿನದ್ದು ಕೊಡಿ" ಎಂದರೆ ಸಾಲದು.

ಸಂಜೆ ಕೆಲಸ ಮುಗಿದ ಮೇಲೆ ಚೈನ್ ಸಡಿಲ ಮಾಡಿ. ಬಿಸಿಯಲ್ಲಿ ಹಿಗ್ಗಿದಾಗ ಬಿಗಿ ಮಾಡಿದ್ದು ರಾತ್ರಿ ತಣ್ಣಗಾಗಿ ಕುಗ್ಗಿದರೆ ಕ್ರ್ಯಾಂಕ್ ಶಾಫ್ಟನ್ನು ಎಳೆಯುತ್ತದೆ.

ಹಗ್ಗ ಎಳೆದೆಳೆದು ಕೈ ಸೋತಿತು, ಸ್ಟಾರ್ಟ್ ಆಗುವುದಿಲ್ಲ. ಎಲ್ಲಿಂದ ನೋಡಲಿ?

ಪ್ಲಗ್ ಬಿಚ್ಚಿ. ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ ಆಗಿದೆ. ಒರೆಸಿ, ಸ್ವಿಚ್ ಆಫ್ ಇಟ್ಟು ಪ್ಲಗ್ ಇಲ್ಲದೆ ಐದಾರು ಸಲ ಹಗ್ಗ ಎಳೆದು, ಮತ್ತೆ ಹಾಕಿ ಚೋಕ್ ಇಲ್ಲದೆ ಪ್ರಯತ್ನಿಸಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನ ಫಿಲ್ಟರ್, ಪೈಪ್ ಬಿರುಕು, ಕಾರ್ಬುರೇಟರ್ ಈ ಸಾಲಿನಲ್ಲಿ ನೋಡಿ. ಪ್ಲಗ್ ಗ್ಯಾಪ್ 0.5 ಮಿ.ಮೀ. ಇರಲಿ. ಹೊಸ ಪ್ಲಗ್ ಹಾಕಿದರೂ ಕಿಡಿ ಇಲ್ಲದಿದ್ದರೆ ಸ್ವಿಚ್ ವೈರ್ ನೋಡಿ, ಆಮೇಲೆ ಕಿಡಿ ಹುಟ್ಟಿಸುವ ಕಾಯಿಲ್. ಕಾಯಿಲ್‌ಗೂ ಫ್ಲೈವೀಲ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪ ಸಂದು ಸಾಕು.

ಚೆನ್ನಾಗಿ ಓಡುತ್ತದೆ, ಕಾಲು ಗಂಟೆ ಆದ ಮೇಲೆ ತಾನಾಗೇ ನಿಲ್ಲುತ್ತದೆ.

ನಿಂತ ತಕ್ಷಣ, ಸೈಲೆನ್ಸರ್ ನಿಮ್ಮಿಂದ ದೂರ ಇರುವ ಹಾಗೆ ಹಿಡಿದು, ಪೆಟ್ರೋಲ್ ಮುಚ್ಚಳ ಮೆಲ್ಲಗೆ ಸಡಿಲಿಸಿ. ಗಾಳಿ ಒಳಗೆ ಎಳೆದ ಶಬ್ದ ಬಂದು, ಮತ್ತೆ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿ ಕಿಂಡಿ ಕಟ್ಟಿದೆ. ಸಣ್ಣ ಭಾಗ, ಸಣ್ಣ ಖರ್ಚು. ಹಾಗಾಗದಿದ್ದರೆ ಬಿಸಿಯಾದ ಕಾಯಿಲ್ ಮೇಲೆ ಅನುಮಾನ.

ಕಾರ್ಬುರೇಟರ್ ಸ್ಕ್ರೂ ನಾನೇ ತಿರುಗಿಸಬಹುದಾ?

ಎಲ್‌ಎ ಎಂದು ಬರೆದದ್ದು ಐಡಲ್ ಸ್ಪೀಡ್‌ನದ್ದು. ಐಡಲ್‌ನಲ್ಲಿ ಚೈನ್ ತಿರುಗುತ್ತಿದ್ದರೆ ಅದನ್ನು ಸ್ವಲ್ಪ ಕಡಿಮೆ ಮಾಡಬಹುದು. ಆಗಲೂ ತಿರುಗಿದರೆ ಕ್ಲಚ್ ಸ್ಪ್ರಿಂಗ್ ಸೋತಿದೆ. ಎಚ್ ಸ್ಕ್ರೂ (ಜೋರಾಗಿ ಓಡುವಾಗ ಪೆಟ್ರೋಲ್ ಎಷ್ಟು ಹೋಗಬೇಕು ಎಂಬುದರದ್ದು) ಮುಟ್ಟಬೇಡಿ. ಅದನ್ನು ಮುಚ್ಚಿದಷ್ಟೂ ಶಬ್ದ ಚುರುಕಾಗಿ ಕೇಳುತ್ತದೆ, ಖುಷಿಯಾಗುತ್ತದೆ. ಆದರೆ ಪೆಟ್ರೋಲ್ ಕಡಿಮೆಯಾದಾಗ ಅದರ ಜೊತೆ ಬರುವ ಆಯಿಲ್ ಕೂಡ ಕಡಿಮೆ. ಪಿಸ್ಟನ್ ಗೀರುವುದು ಹೀಗೇ. ಹೊಸ ವೃತ್ತಿಪರ ಮಾಡೆಲ್ ಕೆಲವಕ್ಕೆ ಈ ಸ್ಕ್ರೂಗಳೇ ಇಲ್ಲ, ಎಲೆಕ್ಟ್ರಾನಿಕ್ ಆಗಿ ತಾನೇ ಹೊಂದಿಸಿಕೊಳ್ಳುತ್ತದೆ. ಅಂಥದ್ದು ಕೆಟ್ಟರೆ ಡೀಲರ್ ಹತ್ತಿರವೇ ಹೋಗಬೇಕು.

ಪಿಸ್ಟನ್ ಹೋಗಿದೆ. ರಿಪೇರಿ ಮಾಡಿಸಲಾ, ಹೊಸದು ಕೊಳ್ಳಲಾ?

ವೃತ್ತಿಯವರ ಮೆಷಿನ್ ಆದರೆ ಬಹುತೇಕ ರಿಪೇರಿ. ಮನೆ ಬಳಕೆಯದ್ದಾದರೆ ಭಾಗ ಮತ್ತು ಕೂಲಿ ಸೇರಿ ಹೊಸದರ ಅರ್ಧ ಬೆಲೆ ದಾಟಿದರೆ ಬಿಟ್ಟುಬಿಡಿ. ಯಾವುದೇ ಆದರೂ ಪಿಸ್ಟನ್ ಯಾಕೆ ಹೋಯಿತು ಎಂದು ಮೆಕ್ಯಾನಿಕ್ ಹೇಳಬೇಕು. ಸುತ್ತಲೂ ಗೀರಿದ್ದರೆ ಸಾಮಾನ್ಯವಾಗಿ ಆಯಿಲ್ ಇಲ್ಲದ ಪೆಟ್ರೋಲ್. ಸೈಲೆನ್ಸರ್ ಕಡೆ ಮಾತ್ರ ಗೀರಿದ್ದರೆ ಎಲ್ಲೋ ಗಾಳಿ ಎಳೆಯುತ್ತಿರಬಹುದು: ಕ್ರ್ಯಾಂಕ್ ಸೀಲ್, ಇಲ್ಲವೇ ಕಾರ್ಬುರೇಟರ್ ಹಿಂದಿನ ರಬ್ಬರ್. ಅದನ್ನು ಸರಿಪಡಿಸದೆ ಹೊಸ ಪಿಸ್ಟನ್ ಹಾಕಿದರೆ ಅದೂ ಹೋಗುತ್ತದೆ.

ಬ್ಯಾಟರಿ ಚೈನ್‌ಸಾ ಹೇಗೆ?

ಕಾಫಿ ಗಿಡದ ಚಿಗುರು, ಒಣ ರೆಂಬೆ, ಮನೆ ಮುಂದಿನ ಮಾವಿನ ಕೊಂಬೆಗೆ ಚೆನ್ನಾಗಿದೆ. ಶಬ್ದ ಕಡಿಮೆ, ಮಿಕ್ಸ್ ತಲೆನೋವಿಲ್ಲ. ಆದರೆ ಮರ ಬೀಳುವುದೂ ಕರೆಂಟ್ ಹೋಗುವುದೂ ಒಂದೇ ರಾತ್ರಿ.

ಜೀವಕ್ಕೆ ಅಪಾಯ ಎಲ್ಲಿ ಜಾಸ್ತಿ?

ಬಾರ್ ತುದಿಯ ಮೇಲ್ಭಾಗದಲ್ಲಿ. ಆ ಕಾಲು ಭಾಗ ಮರಕ್ಕೆ ತಾಗಿದರೆ ಮೆಷಿನ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದ ಕಡೆ ಹಾರುತ್ತದೆ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಅಡಿಯಿಂದ ಸುತ್ತಿರಬೇಕು, ಭುಜಕ್ಕಿಂತ ಮೇಲೆತ್ತಿ ಕೊಯ್ಯಬಾರದು. ಮರ ಹತ್ತಿ ಒಂದು ಕೈಯಲ್ಲಿ ಕೊಯ್ಯುವುದು ನಮ್ಮ ಕಡೆ ದಿನಾ ಕಾಣುತ್ತದೆ, ಅದು ಧೈರ್ಯವಲ್ಲ. ಹೆಲ್ಮೆಟ್, ಮುಖದ ಜಾಲರಿ, ಕಿವಿ ಮುಚ್ಚುವ ಸಾಧನ, ಬೂಟು, ಮತ್ತು ತೊಡೆಗೆ ಚೈನ್‌ಸಾ ಚಾಪ್ಸ್ (ಪ್ಯಾಂಟ್ ಮೇಲೆ ಕಟ್ಟುವ ದಪ್ಪ ರಕ್ಷಾಕವಚ) ಬೇಕು. ಚಾಪ್ಸ್ ಒಳಗಿನ ನಾರು ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಚೈನ್ ನಿಲ್ಲಿಸುತ್ತದೆ. ಲುಂಗಿ ಉಟ್ಟು ಮೆಷಿನ್ ಮುಟ್ಟಲೇಬೇಡಿ.

ಕರೆಂಟ್ ತಂತಿ ಮೇಲೆ ಬಿದ್ದ ಮರಕ್ಕೆ ಕೈ ಹಾಕಬೇಡಿ. ಮೆಸ್ಕಾಂ, ಹೆಸ್ಕಾಂ, ಸೆಸ್ಕ್ ಯಾವುದೇ ಇರಲಿ, 1912ಕ್ಕೆ ಫೋನ್ ಮಾಡಿ.

ನನ್ನ ತೋಟದ ಮರ ನಾನು ಕೊಯ್ಯಲು ಅನುಮತಿ ಬೇಕಾ?

ಹೆಚ್ಚಿನ ಮರಗಳಿಗೆ ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಖಾಸಗಿ ಜಮೀನಿಗೂ ಅನ್ವಯಿಸುತ್ತದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರದಂಥ ಕೆಲವಕ್ಕೆ ವಿನಾಯಿತಿ ಇದೆ. ಬೀಟೆ, ತೇಗ, ಶ್ರೀಗಂಧದ ವಿಷಯದಲ್ಲಿ ಒಣಗಿದ ಮರವಾದರೂ ಕೇಳದೆ ಮುಟ್ಟಬೇಡಿ. ನಾಟಾ ಸಾಗಿಸಲು ಪಾಸ್ ಬೇಕಾ ಎಂಬುದನ್ನು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮರ ಇಳಿಸುವ ಮೊದಲೇ ಕೇಳಿಕೊಳ್ಳಿ.

ಪಕ್ಕದ ತೋಟದವರು ಎರವಲು ಕೇಳುತ್ತಾರೆ. ಕೊಡಬಹುದಾ?

ಮೆಷಿನ್ ಜೊತೆ ಅದನ್ನು ಓಡಿಸುವ ನಿಮ್ಮ ಆಳನ್ನೂ, ನೀವೇ ಬೆರೆಸಿದ ಪೆಟ್ರೋಲ್ ಕ್ಯಾನನ್ನೂ ಕಳಿಸಿ. ಕೂಲಿ ಅವರು ಕೊಡಲಿ.